ಗ್ಲಾಸ್ಗೋಗೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನ ರೈಲು ತಾಳಗುಪ್ಪ ಬಿಟ್ಟ ಮೇಲೆ ಅಪ್ಪ ಸರಿಯಾಗಿ ಮಾತೇ ಆಡಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಆದ ಜಗಳ ನಿನಗೂ ನೆನಪಿದೆ, ನನಗೂ ಇದೆ. ನನ್ನ ದನಿ ಜೋರಾಯಿತು, ಬೇಜಾರು ಮಾಡ್ಕೋಬೇಡ.

ನಿನ್ನ ಯೂನಿವರ್ಸಿಟಿ ಬಗ್ಗೆ ಓದಿದೆ. 1451ರಲ್ಲಿ ಶುರುವಾಗಿದ್ದಂತೆ. ಆಗ ನಮ್ಮ ಕೆಳದಿ ಅರಸರೇ ಇನ್ನೂ ಆಳೋಕೆ ಶುರು ಮಾಡಿರಲಿಲ್ಲ! ಸರ್ಜನ್ ಜೋಸೆಫ್ ಲಿಸ್ಟರ್ ಅಲ್ಲಿ ಪ್ರೊಫೆಸರ್ ಆಗಿದ್ದಾಗಲೇ, 1865ರಲ್ಲಿ, ಗಾಡಿ ಹರಿದು ಕಾಲು ಮುರಿದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಪಟ್ಟಿ ಕಟ್ಟಿ ಕೀವಾಗದಂತೆ ನೋಡಿಕೊಂಡರಂತೆ. ಇದನ್ನೆಲ್ಲ ಪಕ್ಕದ ಮನೆಯವರನ್ನು ಕರೆದು ಕರೆದು ಹೇಳಿದ್ದೇನೆ. ಜಂಬ ಅಂದುಕೊಂಡರೆ ಅಂದುಕೊಳ್ಳಲಿ. ಅದಕ್ಕಿಂತ ಇಷ್ಟವಾಗಿದ್ದು ಜೂನ್ ಅಲ್ಮೇಡಾ ಕಥೆ. ಗ್ಲಾಸ್ಗೋದ ಬಸ್ ಡ್ರೈವರ್ ಮಗಳು, ಹದಿನಾರಕ್ಕೇ ಓದು ಬಿಟ್ಟು ಆಸ್ಪತ್ರೆ ಲ್ಯಾಬಿಗೆ ಸೇರಿದವಳು. ಮನುಷ್ಯರಿಗೆ ಬರುವ ಕೊರೊನಾ ವೈರಸ್ಸನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮೊದಲು ಕಂಡವಳು ಅವಳೇ.

ಆದರೆ ವೈರಸ್ ಅಂದಕೂಡಲೇ ನನ್ನ ತಲೆಗೆ ಬರುವುದು ಬೇರೆಯದೇ. ನೀನು ನಾಲ್ಕನೇ ಕ್ಲಾಸಿನಲ್ಲಿದ್ದೆ. ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿತ್ತು. ನೀನು ಕೋಲಿನಿಂದ ಅದರ ಬಾಲ ಎತ್ತಿ ನೋಡುತ್ತಾ ಕೂತಿದ್ದೆ. ಸತ್ತ ಮಂಗನ ಮೈಯಿಂದ ರಕ್ತ ಹೀರುವ ಉಣುಗು ಉದುರುತ್ತವೆ, ಕಚ್ಚಿದರೆ ಮಂಗನ ಕಾಯಿಲೆ ಬಂದು ಮುಗಿಯಿತು ಅಂತ ಊರಿಗೆಲ್ಲ ಗೊತ್ತು. ಎಳೆದುಕೊಂಡು ಬಂದು ಬಚ್ಚಲಲ್ಲಿ ಕೂರಿಸಿ ಬಿಸಿನೀರು ಹೊಯ್ದೆ. ಕಿವಿ ಹಿಂದೆ, ಕಂಕುಳು, ಬೆರಳ ಸಂದಿ, ಎಲ್ಲ ಹುಡುಕಿದೆ. ಜ್ವರ ಬರುವುದಾದರೆ ಮೂರರಿಂದ ಎಂಟು ದಿನದೊಳಗೆ ಬರುತ್ತೆ ಅಂದರು. ರಾತ್ರಿ ಎದ್ದೆದ್ದು ಹಣೆ ಮುಟ್ಟಿದೆ. ತಣ್ಣಗಿದ್ದರೂ ಬಿಸಿ ಅಂತಲೇ ಅನ್ನಿಸುತ್ತಿತ್ತು. ದೀಪ ಹಚ್ಚಿ ಮತ್ತೆ ಕಿವಿ ಹಿಂದೆ ನೋಡುತ್ತಿದ್ದೆ. ನೀನು ನಿದ್ದೆಗಣ್ಣಲ್ಲೇ ಬೈಯುತ್ತಿದ್ದೆ. ಜ್ವರ ಬರಲಿಲ್ಲ. ಮಂಗ ಯಾಕೆ ಸತ್ತಿತು ಅನ್ನುವ ಪ್ರಶ್ನೆ ಮಾತ್ರ ನಿನ್ನನ್ನು ಬಿಡಲೇ ಇಲ್ಲ.

ಈಗ ಉಣುಗಿನ ಮೇಲೇ ಪಿಎಚ್‌ಡಿ! ಸ್ಕಾಟ್ಲೆಂಡಿನ ಕುರಿಗಳಿಗೂ ಉಣುಗಿನಿಂದ 'ಲೂಪಿಂಗ್ ಇಲ್' ಅನ್ನೋ ವೈರಸ್ ಕಾಯಿಲೆ ಬರುತ್ತೆ, ಅದು ನಮ್ಮ ಮಂಗನ ಕಾಯಿಲೆಗೆ ದಾಯಾದಿ ಅಂತ ನೀನೇ ಹೇಳಿದೆ. ಉಪದೇಶ ಬೇಡ ಅಂದುಕೊಂಡೇ ಬರೆಯೋಕೆ ಕೂತೆ. ಆದರೂ ಕೇಳು. ಗ್ಲೌಸ್ ಎರಡು ಹಾಕು. ನಿದ್ದೆಗೆಟ್ಟ ದಿನ ಲ್ಯಾಬಿನ ಕೆಲಸ ಬೇಡ. ಬೇರೆಯವರ ಪೇಪರ್ ಮೊದಲು ಬಂತು ಅಂತ ಅವಸರ ಮಾಡಬೇಡ. ಊಟ ಬಿಡಬೇಡ. ಕೈಗೆ ಏನಾದರೂ ಚುಚ್ಚಿದರೆ ಮುಚ್ಚಿಡದೆ ಆ ಕ್ಷಣವೇ ಹೇಳು, ಮರ್ಯಾದೆ ನೋಡಬೇಡ.

1957ರಲ್ಲಿ ಈ ಕಾಯಿಲೆ ಏನು ಅಂತ ನೋಡೋಕೆ ಸೊರಬದ ಕ್ಯಾಸನೂರು ಕಾಡಿಗೆ ಪುಣೆಯ ವೈರಸ್ ಸಂಶೋಧಕರು ಬಂದರು, ಅಮೆರಿಕದವರು ಬಂದರು. ವೈರಸ್ಸಿಗೆ ನಮ್ಮ ಕಾಡಿನ ಹೆಸರಿಟ್ಟರು. ಅದಕ್ಕೆ ಅಂತಲೇ ಒಂದು ಔಷಧಿ ಇವತ್ತಿಗೂ ಇಲ್ಲ. ಸೊಪ್ಪಿನಬೆಟ್ಟದ ಕಾಡಿಗೆ ದರಕು, ಅಂದರೆ ಒಣಗಿದ ಎಲೆ, ತರಲು ಹೋಗುವವರು ಈಗಲೂ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಇದ್ದ ಲಸಿಕೆಯೂ ಅಷ್ಟಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಂತುಹೋಯಿತು. ಕುರಿಗೇ ಲಸಿಕೆ ಕಂಡುಹಿಡಿದ ದೇಶ ಅಲ್ವಾ ಅದು? ನಿನ್ನ ಗೈಡ್ ಹತ್ತಿರ ಕೇಳು. ಏನಂದರು ಅಂತ ನನಗೂ ಬರಿ.

ಅಮ್ಮ