ಹುಲಿ ಹಿಡಿದ ಹಸುವಿಗೆ ಅದೇ ದಿನ ಮಹಜರು ಆಗಲಿ

ಮಾನ್ಯ ಸಂಪಾದಕರೇ,

ದಕ್ಷಿಣ ಕೊಡಗಿನಲ್ಲಿ ಹುಲಿ ಹಸು ಹಿಡಿಯುವುದು ಹೊಸ ಸುದ್ದಿಯೇನಲ್ಲ. ಆಮೇಲೆ ಸಾಕಿದವರ ಪಾಡು ಏನಾಗುತ್ತದೆ ಅನ್ನುವುದು ಮಾತ್ರ ಯಾರಿಗೂ ಬೇಕಾಗಿಲ್ಲ.

ಈ ಸಲ ಕಾಫಿ ಕೊಯ್ಲಿನ ನಡುವೆಯೇ ನಮ್ಮ ಜರ್ಸಿ ಹಸು ಹೋಯಿತು. ಆರು ತಿಂಗಳ ಗಬ್ಬ. ಗದ್ದೆ ಬದುವಿನಿಂದ ತೋಟದೊಳಕ್ಕೆ ಎಳೆದುಕೊಂಡು ಹೋಗಿತ್ತು. ಕುತ್ತಿಗೆಯಲ್ಲಿ ಹಲ್ಲಿನ ಆಳವಾದ ತೂತುಗಳು, ಹಿಂದಿನ ತೊಡೆ ಅರ್ಧ ಖಾಲಿ. ಚಿರತೆ ಸಾಮಾನ್ಯವಾಗಿ ಹೊಟ್ಟೆ ಕಡೆಯಿಂದ ತಿನ್ನುತ್ತದೆ, ಹಿಂಭಾಗದಿಂದ ಶುರು ಮಾಡುವುದು ಹುಲಿ. ಇಲ್ಲಿನ ಮಕ್ಕಳಿಗೂ ಇದು ಗೊತ್ತು.

ಕಳೇಬರ ಮುಟ್ಟಬೇಡಿ ಎಂದು ಅರಣ್ಯ ಸಿಬ್ಬಂದಿ ಹೇಳಿದರು. ಅದು ಸರಿಯೇ. ಎತ್ತಿಬಿಟ್ಟರೆ ಹುಲಿ ಪಕ್ಕದ ಮನೆಯ ಹಸುವನ್ನು ಹಿಡಿಯಬಹುದು. ಕ್ಯಾಮೆರಾ ಕಟ್ಟಿದರೆ ಪಟ್ಟೆ ನೋಡಿ ಯಾವ ಹುಲಿ ಅಂತ ಗುರುತಿಸಲೂ ಆಗುತ್ತದೆ. ಆದರೆ ಆ ಜಾಗ ನಮ್ಮ ಕಾರ್ಮಿಕರ ಲೈನ್ ಮನೆಗಳಿಗೆ ಕೂಗಳತೆ ದೂರ. ಹುಲಿ ಮತ್ತೆ ಬರುತ್ತದೆ ಅಂತ ಗೊತ್ತಿರುವ ಕಡೆ ಕೊಯ್ಲಿಗೆ ಯಾರು ಹೋಗುತ್ತಾರೆ? 2023ರ ಫೆಬ್ರವರಿಯಲ್ಲಿ ಕುಟ್ಟದ ಹತ್ತಿರ ಒಂದೇ ಕುಟುಂಬದ ಇಬ್ಬರನ್ನು ಹುಲಿ ಕೊಂದದ್ದನ್ನು ಕಾರ್ಮಿಕರು ಮರೆತಿಲ್ಲ. ಬರಲ್ಲ ಅಂದವರನ್ನು ನಾನು ಬಲವಂತ ಮಾಡಲಿಲ್ಲ. ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಪಶುವೈದ್ಯರು ಬರುವಷ್ಟರಲ್ಲಿ ಕಳೇಬರ ಕೊಳೆತು, ಗಾಯ ಯಾವುದು ಅಂತಲೇ ಗೊತ್ತಾಗದ ಹಾಗೆ ಆಗಿತ್ತು. ಪಶುವೈದ್ಯರ ವರದಿ ಇಲ್ಲದೆ ಪರಿಹಾರದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಹುಲಿಯನ್ನು ಕೊಲ್ಲಿ ಎಂದು ನಾನು ಕೇಳುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಮೊದಲನೇ ಅನುಸೂಚಿಯ ಪ್ರಾಣಿ. ಮನುಷ್ಯರ ಜೀವಕ್ಕೆ ಅಪಾಯವಾದರೆ ಬೇರೆ ಮಾತು, ಹಸು ಸತ್ತಿತು ಅಂತ ಹೊಡೆಯಲು ಅನುಮತಿ ಸಿಗುವುದಿಲ್ಲ. ಹುಲಿ ಹೊಡೆದವನಿಗೆ ನರಿ ಮಂಗಲ (ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ) ಅಂತ ಮದುವೆಯಂಥ ಸನ್ಮಾನ ಮಾಡುತ್ತಿದ್ದ ನಾಡು ಇದು. ಆ ಕಾಲ ಹೋಯಿತು, ಹೋಗಿದ್ದೇ ಒಳ್ಳೆಯದು. ಮನೆಯಲ್ಲಿ ಕೋವಿ ಇದ್ದರೂ ಕಾಯ್ದೆಗೆ ತಲೆಬಾಗಿದ್ದೇವೆ. ಅದರ ಖರ್ಚನ್ನೆಲ್ಲ ನಾಲ್ಕು ಹಸು ಕಟ್ಟಿದವರೇ ಹೊರಬೇಕು ಅಂದರೆ ನ್ಯಾಯವಲ್ಲ, ಅಲ್ವಾ?

ಹುಲಿ ಹಾವಳಿ ಇರುವ ಹೋಬಳಿಗಳಲ್ಲಿ, ಕೊಯ್ಲಿನ ತಿಂಗಳುಗಳಲ್ಲಾದರೂ, ಪಶುವೈದ್ಯರು ಮತ್ತು ಅರಣ್ಯ ಸಿಬ್ಬಂದಿ ಒಟ್ಟಿಗೆ ಬಂದು ಸ್ಥಳ ನೋಡಿ ಅದೇ ದಿನ ಮಹಜರು ಮುಗಿಸಲಿ. ಗಬ್ಬದ ಹಸುವಿಗೆ, ಹಾಲು ಕರೆಯುವ ಹಸುವಿಗೆ ಇಂದಿನ ಸಂತೆಯ ಬೆಲೆ ನೋಡಿ ಪರಿಹಾರ ಕೊಡಲಿ. ಕಳೇಬರ ಬಿಟ್ಟ ದಿನಗಳಲ್ಲಿ ಕೆಲಸ ತಪ್ಪಿದ ಕಾರ್ಮಿಕರ ಕೂಲಿಯನ್ನೂ ಅದಕ್ಕೆ ಸೇರಿಸಲಿ.

— ಒಬ್ಬ ಬೆಳೆಗಾರ್ತಿ, ಶ್ರೀಮಂಗಲ ಹೋಬಳಿ, ಪೊನ್ನಂಪೇಟೆ ತಾಲ್ಲೂಕು