ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ಐಸಿಯುಗೆ ಮೊದಲು ನರ್ಸ್‌ಗಳನ್ನು ಕೊಡಿ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಐಸಿಯುನಲ್ಲಿ ಹನ್ನೊಂದು ವರ್ಷಗಳಿಂದ ನರ್ಸ್. ಔಷಧಕ್ಕೆ ಬಗ್ಗದ ಸೋಂಕಿನ ಮಾತು ಬಂದಾಗಲೆಲ್ಲ ಹೊಸ ಆಂಟಿಬಯೋಟಿಕ್ ಬೇಕು ಅನ್ನುತ್ತಾರೆ. ಬೇಕು ನಿಜ. ಆದರೆ ಸೋಂಕು ಹಾಸಿಗೆಯಿಂದ ಹಾಸಿಗೆಗೆ ದಾಟುವುದನ್ನು ತಡೆಯದೆ ಎಷ್ಟು ಔಷಧ ತಂದರೂ ಸಾಲದು.

ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಒಬ್ಬ ಹುಡುಗ ಬಂದಿದ್ದ. ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೇ ದಿನ ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟ. ಏಳನೇ ದಿನ ಜ್ವರ ಏರಿತು, ವೆಂಟಿಲೇಟರ್ ಟ್ಯೂಬಿನಲ್ಲಿ ಹಳದಿ ಕಫ. ಯಾವ ರೋಗಾಣು, ಯಾವ ಔಷಧ ನಾಟುತ್ತದೆ ಎಂದು ತಿಳಿಯುವ ಕಲ್ಚರ್ ಪರೀಕ್ಷೆಗೆ ಕಳಿಸಿ ಮೂರು ದಿನ ಕಾದೆವು. ಬಂದದ್ದು ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ರಿಪೋರ್ಟಿನಲ್ಲಿ ಔಷಧಗಳ ಹೆಸರಿನ ಮುಂದೆ ಮೇಲಿಂದ ಕೆಳಗೆ ‘ಆರ್’, ‘ಆರ್’, ‘ಆರ್’. ಅಂದರೆ ಆ ಔಷಧ ನಾಟುವುದಿಲ್ಲ. ಬಲವಾದ ಆಂಟಿಬಯೋಟಿಕ್ ಮೆರೊಪೆನಮ್‌ಗೂ ಅದೇ ಅಕ್ಷರ. ಉಳಿದದ್ದು ಕೊಲಿಸ್ಟಿನ್, ಕಿಡ್ನಿಗೆ ಹಾನಿ ಮಾಡುತ್ತದೆಂದು ಒಂದು ಕಾಲದಲ್ಲಿ ಬದಿಗಿಟ್ಟಿದ್ದ ಹಳೆಯ ಔಷಧ. ಬೇರೆ ದಾರಿಯಿಲ್ಲದೆ ಅದನ್ನೇ ಕೊಟ್ಟೆವು. ಐದು ದಿನಕ್ಕೆ ಮೂತ್ರ ನಿಂತು ಡಯಾಲಿಸಿಸ್ ಬೇಕಾಯಿತು. ಹುಡುಗ ಉಳಿಯಲಿಲ್ಲ. ತಲೆಯ ಗಾಯ ಅಷ್ಟು ಹೊತ್ತಿಗೆ ಮಾಯುತ್ತಿತ್ತು.

ಪಕ್ಕದ ಹಾಸಿಗೆಯ ರೋಗಿಗೂ ಅದೇ ಸೋಂಕು ಮೊದಲೇ ಇತ್ತು. ಈ ಬ್ಯಾಕ್ಟೀರಿಯಾ ಮಂಚದ ಕಂಬಿ, ಮಾನಿಟರ್ ಬಟನ್‌ಗಳ ಮೇಲೆ ಒಣಗಿದ ಸ್ಥಿತಿಯಲ್ಲೂ ವಾರಗಟ್ಟಲೆ ಬದುಕುತ್ತದೆ. ಆ ವಾರ ರಾತ್ರಿ ಪಾಳಿಯಲ್ಲಿ ಏಳು ಹಾಸಿಗೆಗೆ ನಾವು ಇಬ್ಬರು. ಒಬ್ಬರಿಗೆ ಸಕ್ಷನ್ ಮಾಡುತ್ತಿರುವಾಗಲೇ, ಅಂದರೆ ಟ್ಯೂಬಿನಿಂದ ಕಫ ಹೀರಿ ತೆಗೆಯುತ್ತಿರುವಾಗಲೇ, ಪಕ್ಕದಲ್ಲಿ ಬಿಪಿ ಕುಸಿದು ಅಲಾರಂ ಹೊಡೆಯುತ್ತದೆ. ಹ್ಯಾಂಡ್ ರಬ್ ಹಚ್ಚಿ ಕೈ ಉಜ್ಜಿಕೊಳ್ಳಲು ಬೇಕಾದದ್ದು ಇಪ್ಪತ್ತು, ಮೂವತ್ತು ಸೆಕೆಂಡು. ಆ ಗಳಿಗೆಯಲ್ಲಿ ಅಷ್ಟೂ ಇರುವುದಿಲ್ಲ. ಆ ಸೋಂಕು ನನ್ನ ಕೈಯಿಂದಲೇ ದಾಟಿತೇನೋ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಸೋಂಕುಗಳು ನೇರವಾಗಿ ಬಲಿ ಪಡೆದವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದಂತೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರುವ 100 ರೋಗಿಗಳಲ್ಲಿ 15 ಮಂದಿಗೆ ಅಲ್ಲೇ ಸೋಂಕು ತಗಲುತ್ತದೆ. ತಡೆಯಲಾಗದ್ದೇನಲ್ಲ. ಅಮೆರಿಕದ ಮಿಷಿಗನ್‌ನ ನೂರಕ್ಕೂ ಹೆಚ್ಚು ಐಸಿಯುಗಳು ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದಿಂದ ಚರ್ಮ ಶುದ್ಧಿ, ರಕ್ತನಾಳಕ್ಕೆ ಹಾಕಿದ ನಳಿಕೆ (ಕ್ಯಾಥೆಟರ್) ಬೇಡವಾದರೆ ಕೂಡಲೇ ತೆಗೆಯುವುದು ಮುಂತಾದ ಐದೇ ಕ್ರಮಗಳಿಂದ ಆ ನಳಿಕೆಯಿಂದ ಬರುವ ರಕ್ತದ ಸೋಂಕನ್ನು ಶೇ. 66ರವರೆಗೆ ಇಳಿಸಿದವು. 2006ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ ಹೊಸ ಔಷಧ ಒಂದೂ ಇರಲಿಲ್ಲ.

ಆದ್ದರಿಂದ ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೆ ಪ್ರತಿ ಪಾಳಿಯಲ್ಲೂ ಒಬ್ಬ ನರ್ಸ್ ಇರಲೇಬೇಕೆಂದು ಕಾನೂನು ಮಾಡಿ. ಕಲ್ಚರ್ ಪರೀಕ್ಷೆ ಮಾಡುವ ಮೈಕ್ರೋಬಯಾಲಜಿ ಲ್ಯಾಬ್ ರಜಾದಿನದಲ್ಲೂ ತೆರೆದಿರಲಿ. ರಿಪೋರ್ಟ್ ತಡವಾದಷ್ಟೂ ದಿನ ಡಾಕ್ಟರು ಅಂದಾಜಿನ ಮೇಲೆ ಬಲವಾದ ಔಷಧ ಕೊಡುತ್ತಲೇ ಇರಬೇಕಾಗುತ್ತದೆ, ಬ್ಯಾಕ್ಟೀರಿಯಾ ಅದನ್ನೂ ಮೀರುವುದನ್ನು ಕಲಿಯುತ್ತದೆ. ಪ್ರತಿ ಆಸ್ಪತ್ರೆಯ ಸೋಂಕಿನ ಲೆಕ್ಕ ಜನರ ಮುಂದಿರಲಿ, ಆದರೆ ಲೆಕ್ಕ ಕೊಟ್ಟ ತಪ್ಪಿಗೆ ಯಾರಿಗೂ ಶಿಕ್ಷೆಯಾಗದಿರಲಿ. ಶಿಕ್ಷೆಯ ಭಯವಿದ್ದಲ್ಲಿ ಸೋಂಕು ಕಾಗದದ ಮೇಲೆ ಮಾತ್ರ ಕಡಿಮೆಯಾಗುತ್ತದೆ.

ಬಜೆಟ್‌ಗೆ ಮುನ್ನ ನಿಮ್ಮ ಆಸ್ಪತ್ರೆಗಳ ಐಸಿಯು ರಾತ್ರಿ ಪಾಳಿಯ ಡ್ಯೂಟಿ ಪಟ್ಟಿ ತರಿಸಿಕೊಳ್ಳಿ. ಹಾಸಿಗೆಗಳ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ.

ಇಂತಿ,
ಐಸಿಯುನ ಒಬ್ಬ ನರ್ಸ್