ಮುಳುಗಿದ ಹಡಗಿನಿಂದ ಶುರು ಮಾಡಬೇಡ

ಪ್ರೀತಿಯ ತಂಗಿ,

ಅಮೆರಿಕ-ಕೆನಡಾ ನಡುವಿನ ಮಹಾಸರೋವರಗಳ (ಗ್ರೇಟ್ ಲೇಕ್ಸ್) ಸರಕು ಹಡಗುಗಳ ಬಗ್ಗೆ ನೀನು ಬರೆದ ಕರಡು ಎರಡು ಸಲ ಓದಿದೆ. ಡೆಟ್ರಾಯಿಟ್ ನದಿಯ ಪಕ್ಕದಲ್ಲೇ ಮನೆ, ಅದಿರು ಹೊತ್ತ ಹಡಗುಗಳು ಕಣ್ಣೆದುರೇ ಹಾದುಹೋಗುತ್ತವೆ ಅಂತೀಯ. ಅವನ್ನೆಲ್ಲ ಬಿಟ್ಟು ಮೊದಲ ಸಾಲಿಗೇ 1975ರ ನವೆಂಬರ್ 10ರ ಬಿರುಗಾಳಿಯನ್ನು ಎಳೆದು ತಂದಿದ್ದೀಯಲ್ಲ! ಸುಪೀರಿಯರ್ ಸರೋವರದಲ್ಲಿ ಎಡ್ಮಂಡ್ ಫಿಟ್ಜೆರಾಲ್ಡ್ ಮುಳುಗಿತು, 29 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ, ನಿಜ. ಆದರೆ ಆ ಹಡಗು ನೀರಿಗಿಳಿದದ್ದು 1958ರಲ್ಲಿ. ಅಷ್ಟು ವರ್ಷ ಅದು ಏನು ಮಾಡುತ್ತಿತ್ತು? ನಿನ್ನ ಬರಹದಲ್ಲಿ ಅದರ ಸುಳಿವೇ ಇಲ್ಲ. ಬೈಯುತ್ತಿಲ್ಲ, ನಾನೂ ಮೊದಮೊದಲು ಅಪಘಾತಗಳನ್ನು ಬರೆದೇ ಕೈ ಪಳಗಿಸಿಕೊಂಡವನು.

ಹಡಗಿನ ಬಾಯಿಯಿಂದ, ಅಂದರೆ ಸರಕು ಸುರಿಯುವ ಮೇಲಿನ ತೆರಪಿನಿಂದ ಶುರು ಮಾಡಿ ನೋಡು. 1869ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಆರ್. ಜೆ. ಹ್ಯಾಕೆಟ್ ಎಂಬ ಮರದ ಹಡಗು ಕಟ್ಟಿದರು. ಚುಕ್ಕಾಣಿ ಕೋಣೆ ತೀರಾ ಮುಂದೆ, ಎಂಜಿನ್ ತೀರಾ ಹಿಂದೆ, ನಡುವೆ ಪೂರ್ತಿ ಸರಕಿನ ಹೊಟ್ಟೆ. ಮೇಲಿನ ಬಾಯಿಗಳು 24 ಅಡಿಗೊಂದರಂತೆ. ಯಾಕೆ 24? ಮಾರ್ಕೆಟ್ ಎಂಬ ಊರಿನ ಅದಿರು ಧಕ್ಕೆಯಿಂದ ಅದಿರು ಜಾರಿ ಇಳಿಯುವ ಕೊಳವೆಗಳ ಅಂತರಕ್ಕೆ ಅದು ಹೊಂದಬೇಕಿತ್ತು. ಧಕ್ಕೆಯ ಅಳತೆಗೆ ಹಡಗನ್ನು ಹೊಲಿದರು ಅನ್ನು, ಓದುವವರು ಅಲ್ಲಿಗೇ ನಿಲ್ಲುತ್ತಾರೆ.

ತುಂಬುವುದು ಸುಲಭ, ಬರಿದು ಮಾಡುವುದೇ ಕಷ್ಟ. ಸಲಿಕೆ ಹಿಡಿದು ಹೊಟ್ಟೆಯೊಳಗೆ ಇಳಿದವರ ಬೆನ್ನು ಏನಾಗಿರಬೇಡ! 1899ರಲ್ಲಿ ಒಹಾಯೋದ ಕಾನಿಯಾಟ್‌ನಲ್ಲಿ ಜಾರ್ಜ್ ಹ್ಯೂಲೆಟ್‌ನ ಅದಿರು ಇಳಿಸುವ ಯಂತ್ರ ಬಂತು. ಅದನ್ನು ನಡೆಸುವವನು ಬಕೆಟ್ಟಿನ ಮೇಲೆಯೇ ಕೂತು ಅದರ ಜೊತೆಗೇ ಹೊಟ್ಟೆಗೆ ಇಳಿಯುತ್ತಿದ್ದ. ಆಮೇಲಾಮೇಲೆ ಒಂದೇ ಬಾಚಿಗೆ 17 ಟನ್! ಆ ಮನುಷ್ಯನ ಒಂದು ದಿನವನ್ನು ನಾಲ್ಕು ಪುಟ ಬರೆದರೂ ಹೆಚ್ಚಾಗದು.

ಧಾನ್ಯಕ್ಕೆ ಮಾತ್ರ ನೀನು ಒಂದೇ ಸಾಲು ಕೊಟ್ಟದ್ದು ಅನ್ಯಾಯ. ಬಫಲೋ ಬಂದರಿನಲ್ಲಿ ಐರಿಷ್ ಕೂಲಿಗಳು ಅದನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು. 1842ರಲ್ಲಿ ಜೋಸೆಫ್ ಡಾರ್ಟ್ ಉಗಿಯ ಬಲದಿಂದ ತಿರುಗುವ ಪಟ್ಟಿಗೆ ಬಕೆಟ್ ಕಟ್ಟಿ ಹಡಗಿನಿಂದ ಕಾಳನ್ನು ಮೊಗೆಸಿದ. ಆ ಕೂಲಿಗಳ ಕಡೆಯಿಂದಲೂ ಇದನ್ನು ನೋಡು.

ಅಂಕಿಗಳನ್ನು ಚೀಲ ಬಿಚ್ಚಿ ಸುರಿದಂತೆ ಸುರಿಯಬೇಡ. ಸುಪೀರಿಯರ್ ಸರೋವರಕ್ಕೆ ಹಡಗುಗಳನ್ನು ಹತ್ತಿಸಿ ಇಳಿಸುವ ನೀರಿನ ಕಟ್ಟೆಗಳಾದ ಸೂ ಲಾಕ್ಸ್‌ನಲ್ಲಿ 1,200 ಅಡಿಯ ಪೋ ಲಾಕ್ 1960ರ ದಶಕದ ಕೊನೆಯಲ್ಲಿ ತೆರೆಯಿತು. ಅದರಲ್ಲಿ ಹಿಡಿಸುವಂತೆ 1972ರಲ್ಲಿ 1,000 ಅಡಿಯ ಸ್ಟುವರ್ಟ್ ಜೆ. ಕಾರ್ಟ್ ಎಂಬ ಹಡಗು ಬಂತು. ಅಷ್ಟುದ್ದದ್ದು ನಯಾಗರಾ ಜಲಪಾತವನ್ನು ಬಳಸಿ ಹೋಗುವ ವೆಲ್ಯಾಂಡ್ ಕಾಲುವೆಯಲ್ಲಿ ಹಿಡಿಸದು, ಹಾಗಾಗಿ ಅದರ ದುಡಿಮೆಯೆಲ್ಲ ನಯಾಗರಾದ ಮೇಲಿನ ಸರೋವರಗಳಲ್ಲೇ. ಒಂದು ಅಂಕಿ ಇನ್ನೊಂದನ್ನು ಹೀಗೆ ಕೈಹಿಡಿದು ಕರೆತರಲಿ.

ಇನ್ನು ‘ಕಡಲು’ ಎಂದು ಮೂರು ಕಡೆ ಬರೆದಿದ್ದೀಯ, ಮೂರನ್ನೂ ಹೊಡೆದು ಹಾಕಿದ್ದೇನೆ. ಅದು ಸಿಹಿನೀರು. ಉಪ್ಪು ತಿನ್ನದ ಕಾರಣಕ್ಕೇ ಅಲ್ಲಿನ ಹಡಗುಗಳಿಗೆ ಆಯಸ್ಸು ಜಾಸ್ತಿ: 1906ರಲ್ಲಿ ನೀರಿಗಿಳಿದ ಸೇಂಟ್ ಮೇರೀಸ್ ಚಾಲೆಂಜರ್ 2013ರವರೆಗೂ ತನ್ನ ಎಂಜಿನ್ನಿನಿಂದಲೇ ಓಡಾಡಿತು. ಅಲ್ಲಿಯವರು ಸಾವಿರ ಅಡಿಯದನ್ನೂ ‘ಬೋಟು’ ಅಂತಲೇ ಕರೆಯುತ್ತಾರೆ, ಸಮುದ್ರದಿಂದ ಬಂದದ್ದು ‘ಸಾಲ್ಟಿ’. ಈ ಮಾತುಗಳು ನಿನಗೆ ಪುಸ್ತಕಕ್ಕಿಂತ ದಂಡೆಯಲ್ಲಿ ಬೇಗ ಸಿಗುತ್ತವೆ.

ನಿನ್ನ ಊರಿನಲ್ಲೇ 1874ರಲ್ಲಿ ಶುರುವಾದ ವೆಸ್ಟ್‌ಕಾಟ್ ಕಂಪನಿ ಇದೆ. ಚಲಿಸುವ ಹಡಗಿನ ಮಗ್ಗುಲಿಗೆ ಪುಟ್ಟ ದೋಣಿ ಹೋಗುತ್ತದೆ, ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ ಇಳಿಯುತ್ತದೆ, ಟಪಾಲು ಅದರಲ್ಲಿ ಏರುತ್ತದೆ. ಇದಕ್ಕೆಂದೇ 48222 ಎಂಬ ಪಿನ್ ಸಂಖ್ಯೆ! ಒಂದು ಬೆಳಿಗ್ಗೆ ಹೋಗಿ ನಿಂತುಕೋ. ಹಗ್ಗ ಎಳೆಯುವವನ ಕೈಗವಸು ಹೇಗಿತ್ತು ಅನ್ನುವುದನ್ನು ಮುಂದಿನ ಕಾಗದದಲ್ಲಿ ಬರಿ.

ನಿನ್ನ,
ಅಣ್ಣ